ಅಂಗೈಯಲ್ಲಿ ಓದಿದ ಕಥೆ

ಮಗುವು ಮಾತು ಕಲಿಯುವ ಬಗೆ ಸೋಜಿಗವಾದುದು. ತಾಯಿ ತೊಟ್ಟಿಲು ತೂಗುತ್ತ ಹಾಡುವ ಜೋಗುಳ, ಅಜ್ಜಿ ತುತ್ತು ಕೊಡುತ್ತ ಹೇಳುವ ಕಥೆ, ಅಂಗಳದಲ್ಲಿ ಆಡುವ ಹಿರಿಯ ಮಕ್ಕಳ ಗಲಾಟೆ, ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು, ಇವೆಲ್ಲವೂ ಅದರ ಕಿವಿಯ ಮೇಲೆ ಎಡೆಬಿಡದೆ ಬೀಳುತ್ತಿರುತ್ತವೆ. ಯಾರೂ ಕೂರಿಸಿಕೊಂಡು ಪಾಠ ಹೇಳುವುದಿಲ್ಲ. ಯಾರೂ ಪದಗಳ ಪಟ್ಟಿಯನ್ನು ಬರೆದುಕೊಡುವುದಿಲ್ಲ. ಆದರೂ ಶಾಲೆಯ ಮೆಟ್ಟಿಲು ಹತ್ತುವ ವೇಳೆಗೆ ಮಗುವು ತನ್ನ ಮನೆಯ ನುಡಿಯನ್ನು ಸಲೀಸಾಗಿ ಆಡುತ್ತಿರುತ್ತದೆ. ಆದರೆ ಕಣ್ಣು ಕಾಣದ, ಕಿವಿಯೂ ಕೇಳದ ಮಗುವಿನ ಪಾಡೇನು? ಜೋಗುಳವೂ ಇಲ್ಲ, ಕೂಗೂ ಇಲ್ಲ, ಪುಸ್ತಕದ ಪುಟವೂ ಇಲ್ಲ ಎಂದಾದರೆ ಅದಕ್ಕೆ ಪದಗಳು ಯಾವ ದಾರಿಯಿಂದ ಬರಬೇಕು? ಈ ಪ್ರಶ್ನೆಗೆ ಹೆಲೆನ್ ಕೆಲರಳ ಬಾಲ್ಯವೇ ಉತ್ತರವಾಗಿದೆ. ಆ ಉತ್ತರದಲ್ಲಿ ಮಕ್ಕಳ ಕಾದಂಬರಿಯೊಂದಕ್ಕೂ ದೊಡ್ಡ ಪಾಲಿದೆ.

ಹೆಲೆನ್ ಹುಟ್ಟಿದ್ದು 1880ನೆಯ ಇಸವಿ ಜೂನ್ 27ರಂದು, ಅಮೆರಿಕದ ಅಲಬಾಮ ರಾಜ್ಯದ ಟಸ್ಕಂಬಿಯ ಎಂಬ ಚಿಕ್ಕ ಊರಿನಲ್ಲಿ. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಬಂದ ತೀವ್ರವಾದ ಜ್ವರವು ಅವಳ ಕಣ್ಣನ್ನೂ ಕಿವಿಯನ್ನೂ ಒಟ್ಟಿಗೆ ಕಿತ್ತುಕೊಂಡಿತು. ಆಗತಾನೆ ತೊದಲತೊಡಗಿದ್ದ ಮಾತುಗಳೂ ಅಳಿಸಿಹೋದವು. ಮುಂದಿನ ಐದು ವರ್ಷ ಅವಳು ಸನ್ನೆಗಳಿಂದಲೇ ಬದುಕಿದಳು. ತಲೆಯಾಡಿಸಿದರೆ ಹೌದು ಅಥವಾ ಇಲ್ಲ. ಎಳೆದರೆ ಬಾ, ತಳ್ಳಿದರೆ ಹೋಗು. ತನ್ನ ಮನಸ್ಸಿನಲ್ಲಿದ್ದುದು ಇತರರಿಗೆ ತಿಳಿಯದೆ ಹೋದಾಗ ನೆಲಕ್ಕೆ ಬಿದ್ದು ಒದ್ದಾಡಿ ಕಿರುಚುತ್ತಿದ್ದಳು.

1887ರ ಮಾರ್ಚ್ 3ರಂದು ಆನ್ ಸಲಿವನ್ ಎಂಬ ತರುಣಿ ಅವಳಿಗೆ ಉಪಾಧ್ಯಾಯಿನಿಯಾಗಿ ಬಂದಳು. ಆಕೆಗಾಗ ಇಪ್ಪತ್ತು ವರ್ಷ. ಬಾಸ್ಟನ್ ನಗರದಲ್ಲಿದ್ದ ಪರ್ಕಿನ್ಸ್ ಅಂಧರ ಸಂಸ್ಥೆಯಲ್ಲಿ ಓದಿದವಳು. ಎಳವೆಯಲ್ಲೇ ದೃಷ್ಟಿ ಮಂದವಾಗಿ, ಶಸ್ತ್ರಚಿಕಿತ್ಸೆಗಳ ಅನಂತರ ತಕ್ಕಮಟ್ಟಿಗೆ ಕಾಣುತ್ತಿದ್ದವಳು. ಬರುವಾಗ ಆ ಸಂಸ್ಥೆಯ ಮಕ್ಕಳು ಕೊಟ್ಟ ಗೊಂಬೆಯೊಂದನ್ನು ತಂದಿದ್ದಳು. ಹೆಲೆನ್ ಗೊಂಬೆಯೊಡನೆ ಆಡುತ್ತಿದ್ದಾಗ ಸಲಿವನ್ ಅವಳ ಅಂಗೈಯಲ್ಲಿ ತನ್ನ ಬೆರಳುಗಳಿಂದ ಡಿ, ಓ, ಎಲ್, ಎಲ್ ಎಂಬ ಅಕ್ಷರಗಳ ಆಕಾರವನ್ನು ಒಂದೊಂದಾಗಿ ಮೂಡಿಸಿದಳು. ಒಂದೊಂದು ಅಕ್ಷರಕ್ಕೆ ಬೆರಳುಗಳ ಒಂದೊಂದು ಭಂಗಿಯುಳ್ಳ ಈ ಬೆರಳಕ್ಷರವನ್ನು ಕಿವುಡರಿಗಾಗಿ ರೂಪಿಸಲಾಗಿತ್ತು. ಹೆಲೆನ್ ಅದನ್ನು ಆಟವೆಂದು ಭಾವಿಸಿ ಹಾಗೆಯೇ ಮಾಡಿ ತೋರಿಸಿದಳು.

ಆ ತಿಂಗಳ ಕೊನೆಯ ಹೊತ್ತಿಗೆ ಹೆಲೆನಳಿಗೆ ಹದಿನೆಂಟು ನಾಮಪದಗಳೂ ಮೂರು ಕ್ರಿಯಾಪದಗಳೂ ಬರುತ್ತಿದ್ದುವೆಂದು ಸಲಿವನ್ ಲೆಕ್ಕವಿಟ್ಟಿದ್ದಾಳೆ. ಆದರೆ ಆ ಪದಗಳು ಇನ್ನೂ ಅವಳವಾಗಿರಲಿಲ್ಲ. ಲೋಟ ಯಾವುದು, ಲೋಟದಲ್ಲಿರುವ ನೀರು ಯಾವುದು ಎಂಬ ಭೇದವೇ ಅವಳಿಗೆ ಹೊಳೆಯುತ್ತಿರಲಿಲ್ಲ. ಏಪ್ರಿಲ್ 5ರಂದು ಸಲಿವನ್ ಅವಳನ್ನು ನೀರೆತ್ತುವ ಪಂಪಿನ ಬಳಿಗೆ ಕರೆದೊಯ್ದು, ಒಂದು ಕೈಯ ಮೇಲೆ ತಣ್ಣೀರು ಸುರಿಯುತ್ತಿರುವಾಗಲೇ ಇನ್ನೊಂದು ಕೈಯಲ್ಲಿ ನೀರು ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ವಾಟರ್ ಎಂಬ ಪದವನ್ನು ಬರೆದಳು. ಹುಡುಗಿ ಸ್ತಬ್ಧಳಾಗಿ ನಿಂತಳು. ಅಂಗೈಯಲ್ಲಿ ಮೂಡಿದ ಗುರುತು ಆ ತಣ್ಣನೆಯ ಹರಿಯುವ ವಸ್ತುವಿನ ಹೆಸರು ಎಂಬುದು ಅವಳಿಗೆ ಆ ಕ್ಷಣದಲ್ಲಿ ಅರಿವಾಯಿತು. ಪ್ರತಿಯೊಂದು ವಸ್ತುವಿಗೂ ಹೆಸರಿದೆ ಎಂದು ತಿಳಿದ ಮೇಲೆ ಅವಳನ್ನು ತಡೆಯುವವರೇ ಇಲ್ಲವಾದರು. ಆ ವರ್ಷದ ಆಗಸ್ಟ್ ಮುಗಿಯುವ ವೇಳೆಗೆ ಅವಳು 625 ಪದಗಳನ್ನು ಕಲಿತಿದ್ದಳು.

ವಸ್ತುಗಳ ಹೆಸರನ್ನು ಮುಟ್ಟಿ ಕಲಿಯಬಹುದು. ಮುಟ್ಟಲಾಗದುದನ್ನು ಕಲಿಯುವುದು ಹೇಗೆ? ಒಂದು ದಿನ ಸಲಿವನ್ ಪ್ರೀತಿ ಎಂಬ ಪದವನ್ನು ಅವಳ ಕೈಯಲ್ಲಿ ಬರೆದಾಗ, ಪ್ರೀತಿ ಎಂದರೆ ಹೂವಿನ ಪರಿಮಳವೇ ಎಂದು ಹೆಲೆನ್ ಕೇಳಿದಳು. ಅಲ್ಲವೆಂದಾಗ, ಬಿಸಿಲಿನ ಹಿತವೇ ಎಂದು ಕೇಳಿದಳು. ಅದೂ ಅಲ್ಲವೆಂದು ತಿಳಿದು ಸಪ್ಪಗಾದಳು. ಒಂದೆರಡು ದಿನಗಳ ಮೇಲೆ ಅವಳು ದೊಡ್ಡ ಮಣಿ ಎರಡು, ಸಣ್ಣ ಮಣಿ ಮೂರು ಎಂಬ ಕ್ರಮದಲ್ಲಿ ಸರ ಪೋಣಿಸುತ್ತಿದ್ದಳು. ಕ್ರಮ ತಪ್ಪಿತು. ಹೇಗೆ ಸರಿಪಡಿಸಲಿ ಎಂದು ಅವಳು ಕೈ ನಿಲ್ಲಿಸಿದಾಗ ಸಲಿವನ್ ಅವಳ ಹಣೆಯನ್ನು ಮುಟ್ಟಿ ಆಲೋಚನೆ ಎಂಬ ಪದವನ್ನು ಬರೆದಳು. ಆಗ ತನ್ನ ತಲೆಯೊಳಗೆ ನಡೆಯುತ್ತಿರುವುದಕ್ಕೇ ಆ ಹೆಸರು ಎಂದು ಹೆಲೆನಳಿಗೆ ಮಿಂಚಿನಂತೆ ತೋರಿತು. ಕೈಗೆ ಸಿಗದ ವಿಷಯಕ್ಕೂ ಹೆಸರುಂಟೆಂದು ಅವಳು ತಿಳಿದದ್ದು ಅದೇ ಮೊದಲು.

ಸಲಿವನ್ನಳ ಬೋಧನಾಕ್ರಮವೇ ಹೀಗಿತ್ತು. ಕಿವಿ ಕೇಳುವ ಕೂಸಿನೊಡನೆ ಮನೆಯವರು ಹೇಗೆ ಮಾತನಾಡುವರೋ ಹಾಗೆಯೇ ಅವಳು ಹೆಲೆನಳ ಅಂಗೈಯೊಡನೆ ಮಾತನಾಡಿದಳು. ಬಿಡಿಪದಗಳನ್ನು ಉರು ಹೊಡೆಸುವುದರ ಬದಲು ಪೂರ್ಣವಾಕ್ಯಗಳನ್ನೇ ಬರೆದಳು. ಎಲ್ಲ ಪದಗಳೂ ಒಮ್ಮೆಗೇ ಅರ್ಥವಾಗದಿದ್ದರೆ ಚಿಂತೆಯಿಲ್ಲ, ಗೊತ್ತಿರುವ ಪದಗಳ ನಡುವೆ ಗೊತ್ತಿಲ್ಲದ ಪದ ಮತ್ತೆ ಮತ್ತೆ ಬಂದರೆ ಅರ್ಥ ತಾನಾಗಿ ತಿಳಿಯಾಗುತ್ತದೆ ಎಂಬುದು ಆಕೆಯ ನಂಬಿಕೆಯಾಗಿತ್ತು.

ಬಹು ಬೇಗ ಹೆಲೆನ್ ಓದಲೂ ಕಲಿತಳು. ದಪ್ಪ ಕಾಗದದ ಮೇಲೆ ಅಕ್ಷರಗಳು ಉಬ್ಬಿ ನಿಲ್ಲುವಂತೆ ಒತ್ತಿದ ಪುಸ್ತಕಗಳು ಆಗ ಅಂಧರಿಗಾಗಿ ದೊರೆಯುತ್ತಿದ್ದವು. ಅವಳಲ್ಲಿದ್ದ ಕೆಲವೇ ಪುಸ್ತಕಗಳನ್ನು ಮತ್ತೆ ಮತ್ತೆ ಬೆರಳಾಡಿಸಿ ಓದಿದ್ದರಿಂದ ಅಕ್ಷರಗಳೇ ಸವೆದುಹೋದವಂತೆ. ಭೂಮಿಯನ್ನು ಕುರಿತ ಒಂದು ಪುಸ್ತಕದಲ್ಲಿ ಸಮುದ್ರದ ವರ್ಣನೆಯನ್ನು ಓದಿ, ಅದನ್ನು ಮುಟ್ಟಬೇಕೆಂದು ಅವಳು ಹಂಬಲಿಸಿದ್ದಳು. ಮುಂದೆ ನಿಜವಾಗಿ ಸಮುದ್ರಕ್ಕಿಳಿದಾಗ ಅಲೆಯೊಂದು ಅವಳನ್ನು ಉರುಳಿಸಿ ಮುಳುಗಿಸಿತು. ಚೇತರಿಸಿಕೊಂಡು ಅವಳು ಕೇಳಿದ ಮೊದಲ ಪ್ರಶ್ನೆ, ನೀರಿಗೆ ಉಪ್ಪು ಹಾಕಿದವರು ಯಾರು ಎಂಬುದು!

1888ರ ಮೇ ತಿಂಗಳಲ್ಲಿ ಹೆಲೆನ್ ತಾಯಿ ಮತ್ತು ಉಪಾಧ್ಯಾಯಿನಿಯರೊಡನೆ ಬಾಸ್ಟನ್ನಿಗೆ ಹೋದಳು. ಪರ್ಕಿನ್ಸ್ ಸಂಸ್ಥೆಯ ಪುಸ್ತಕಭಂಡಾರದಲ್ಲಿ ದಿನಕ್ಕೆ ಕೆಲವು ಹೊತ್ತು ಮನಬಂದಂತೆ ಓಡಾಡಲು ಅವಳಿಗೆ ಅನುಮತಿ ದೊರೆಯಿತು. ಕಪಾಟಿನಿಂದ ಕಪಾಟಿಗೆ ಸಾಗಿ, ಕೈಗೆ ಸಿಕ್ಕಿದ ಪುಸ್ತಕವನ್ನು ಬಿಡಿಸಿ ಓದುತ್ತಿದ್ದಳು. ಹತ್ತು ಪದಗಳಲ್ಲಿ ಒಂದು ತಿಳಿದರೂ ಸರಿಯೆ, ಪುಟಕ್ಕೆ ಎರಡೇ ಪದ ತಿಳಿದರೂ ಸರಿಯೆ. ಪದಗಳ ರೂಪವೇ ಅವಳನ್ನು ಮರುಳು ಮಾಡಿತ್ತು. ಒಂದು ಪುಸ್ತಕವನ್ನಾದರೂ ಮೊದಲಿನಿಂದ ಕೊನೆಯವರೆಗೆ ಓದಿದಂತಿರಲಿಲ್ಲ. ಹೀಗೆ ಅರ್ಥವಾಗದೆಯೇ ಒಳಹೊಕ್ಕ ಪದಗಳೂ ಇಡೀ ವಾಕ್ಯಗಳೂ ಅವಳ ನೆನಪಿನಲ್ಲಿ ಉಳಿದುಕೊಂಡು, ಮುಂದೆ ಮಾತಿನಲ್ಲಿಯೂ ಬರಹದಲ್ಲಿಯೂ ತಾವಾಗಿ ಹೊರಬರುತ್ತಿದ್ದವು. ಇಷ್ಟು ಚಿಕ್ಕ ಹುಡುಗಿಗೆ ಇಷ್ಟೊಂದು ಪದಸಂಪತ್ತು ಎಲ್ಲಿಂದ ಬಂತೆಂದು ಕೇಳಿದವರು ಬೆರಗಾಗುತ್ತಿದ್ದರು. ಈ ಬೆರಗಿನ ಹಿಂದೆ ಒಂದು ಅಪಾಯ ಅಡಗಿತ್ತು. ಅದು ಯಾರಿಗೂ ಆಗ ತಿಳಿಯಲಿಲ್ಲ.

ಆ ದಿನಗಳಲ್ಲೊಮ್ಮೆ ಸಲಿವನ್ ಪುಸ್ತಕಭಂಡಾರದ ಮೂಲೆಯಲ್ಲಿ ಹೆಲೆನಳನ್ನು ಕಂಡಳು. ಅವಳ ಕೈಯಲ್ಲಿದ್ದುದು ಹಾಥಾರ್ನ್ ಎಂಬ ಲೇಖಕನ 'ದಿ ಸ್ಕಾರ್ಲೆಟ್ ಲೆಟರ್' ಎಂಬ ಕಾದಂಬರಿ. ಪಾಪಪುಣ್ಯಗಳ ಜಿಜ್ಞಾಸೆಯುಳ್ಳ ಆ ಗಂಭೀರ ಕೃತಿ ಎಂಟು ವರ್ಷದ ಬಾಲೆಗೆ ತಕ್ಕುದಾಗಿರಲಿಲ್ಲ. ಸಲಿವನ್ ಅವಳನ್ನು ಗದರಿಸಲಿಲ್ಲ; ಪುಸ್ತಕವನ್ನು ಕಿತ್ತುಕೊಳ್ಳಲೂ ಇಲ್ಲ. ಅವಳನ್ನು ತೊಡಕಿಸಿದ್ದ ಕೆಲವು ಪದಗಳ ಅರ್ಥವನ್ನು ಹೇಳಿ, ಇದಕ್ಕಿಂತ ನಿನಗೆ ಮೆಚ್ಚುಗೆಯಾಗುವ ಒಬ್ಬ ಪುಟ್ಟ ಹುಡುಗನ ಕಥೆಯಿದೆ, ಬೇಸಗೆಯಲ್ಲಿ ಓದಿ ಹೇಳುತ್ತೇನೆ ಎಂದು ಮಾತುಕೊಟ್ಟಳು.

ಆ ಕಥೆಯೇ 'ಲಿಟಲ್ ಲಾರ್ಡ್ ಫಾಂಟ್ಲರಾಯ್'. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1849ರಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಇದರ ಲೇಖಕಿ. ಮೊದಲು ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು, 1886ರಲ್ಲಿ ಪುಸ್ತಕವಾಯಿತು. ಸೆಡ್ರಿಕ್ ಎಂಬ ಏಳು ವರ್ಷದ ಹುಡುಗ ನ್ಯೂಯಾರ್ಕಿನಲ್ಲಿ ವಿಧವೆಯಾದ ತಾಯಿಯೊಡನೆ ಬಡತನದಲ್ಲಿ ಬೆಳೆಯುತ್ತಿರುತ್ತಾನೆ. ದಿನಸಿ ಅಂಗಡಿಯ ಹಾಬ್ಸ್, ಬೂಟಿಗೆ ಪಾಲಿಷ್ ಹಾಕುವ ಡಿಕ್ ಅವನ ಗೆಳೆಯರು. ಇಂಗ್ಲೆಂಡಿನಲ್ಲಿರುವ ಅವನ ತಾತ ಒಬ್ಬ ಅರ್ಲ್, ಎಂದರೆ ದೊಡ್ಡ ಜಹಗೀರುಳ್ಳ ಶ್ರೀಮಂತ. ಮಕ್ಕಳೆಲ್ಲ ತೀರಿಕೊಂಡುದರಿಂದ ಮೊಮ್ಮಗನೇ ಉತ್ತರಾಧಿಕಾರಿಯಾಗುತ್ತಾನೆ. ಸ್ವಾರ್ಥಿಯೂ ಸಿಡುಕನೂ ಆದ ಆ ಮುದುಕನು, ತನ್ನನ್ನು ಒಳ್ಳೆಯವನೆಂದೇ ನಂಬಿದ ಹುಡುಗನ ಸಹವಾಸದಿಂದ ಮೆಲ್ಲಮೆಲ್ಲನೆ ಮೆತ್ತಗಾಗುವುದೇ ಕಥೆಯ ತಿರುಳು.

ಆ ವರ್ಷದ ಬೇಸಗೆಯನ್ನು ಹೆಲೆನ್ ಅಟ್ಲಾಂಟಿಕ್ ಕರಾವಳಿಯ ಬ್ರೂಸ್ಟರ್ ಎಂಬ ಊರಿನಲ್ಲಿ ಸಲಿವನ್ನಳ ಗೆಳತಿ ಶ್ರೀಮತಿ ಹಾಪ್ಕಿನ್ಸರ ಮನೆಯಲ್ಲಿ ಕಳೆದಳು. ನಡುವೆ ಸಲಿವನ್ ಕೆಲವು ದಿನಗಳ ಮಟ್ಟಿಗೆ ಬಾಸ್ಟನ್ನಿಗೆ ಹೋಗಿ ಮರಳಿದಳು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಕಥೆ ಆರಂಭವಾಯಿತು. ಕಥೆಗೆ ಹೆಚ್ಚು ಹೊತ್ತು ಸಿಗಲೆಂದು ಊಟದ ಪಾತ್ರೆಗಳನ್ನು ಅವಸರದಿಂದ ತೊಳೆದಿಟ್ಟು, ಎತ್ತರದ ಹುಲ್ಲನ್ನು ತುಳಿಯುತ್ತ ಇಬ್ಬರೂ ಪೈನ್ ಮರಗಳ ಕಡೆಗೆ ನಡೆದರು. ಮಿಡತೆಗಳು ಹಾರಿ ಬಂದು ಬಟ್ಟೆಗೆ ಅಂಟಿಕೊಂಡವು. ಅವನ್ನೆಲ್ಲ ಬಿಡಿಸದೆ ಕೂರಕೂಡದೆಂದು ಸಲಿವನ್ ಹಟಹಿಡಿದಾಗ, ವೃಥಾ ಕಾಲಹರಣವೆಂದು ಹೆಲೆನ್ ಚಡಪಡಿಸಿದಳು. ಎರಡು ಮರಗಳ ನಡುವೆ ಕಟ್ಟಿದ್ದ ಬಲೆಯ ಉಯ್ಯಾಲೆಯಲ್ಲಿ ಕುಳಿತು, ಉಪಾಧ್ಯಾಯಿನಿ ಕಣ್ಣಿನಿಂದ ಓದುತ್ತ ಬೆರಳಿನಿಂದ ಬರೆದಳು. ಶಿಷ್ಯೆ ಅಂಗೈಯಿಂದ ಓದಿದಳು.

ಮೊದಮೊದಲು ಗೊತ್ತಿಲ್ಲದ ಪದಗಳೇ ಹೆಚ್ಚಾಗಿದ್ದವು. ಒಂದೊಂದನ್ನೂ ವಿವರಿಸಬೇಕಾಗಿ ಬಂದು ಓದು ಹೆಜ್ಜೆಹೆಜ್ಜೆಗೂ ನಿಲ್ಲುತ್ತಿತ್ತು. ಆದರೆ ಸೆಡ್ರಿಕನ ಸ್ಥಿತಿಗತಿ ಮನಸ್ಸಿಗೆ ಹತ್ತಿದೊಡನೆ ಹೆಲೆನ್ ಪದಗಳನ್ನೇ ಮರೆತಳು. ಮುಂದೇನಾಯಿತು ಎಂಬ ಆತುರದಲ್ಲಿ ವಿವರಣೆಗಾಗಿ ನಿಲ್ಲುವುದೇ ಅವಳಿಗೆ ಬೇಸರವಾಯಿತು. ಪದಗಳನ್ನು ಕಂಡು ಮರುಳಾಗಿದ್ದ ಹುಡುಗಿ ಈಗ ಪದಗಳ ಮೂಲಕ ಮನುಷ್ಯರನ್ನು ಕಾಣತೊಡಗಿದ್ದಳು. ತಾನು ಅರ್ಥಮಾಡಿಕೊಂಡು ಓದಿದ ಮೊದಲನೆಯ ಹಿರಿಯ ಪುಸ್ತಕ ಇದೇ ಎಂದು ಅವಳು ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾಳೆ.

ಪದ ಕಲಿಯುವವರಿಗೆ ಈ ಕಾದಂಬರಿ ಒಳ್ಳೆಯ ಜೊತೆಗಾರ ಎನ್ನಲು ಇನ್ನೂ ಒಂದು ಕಾರಣವುಂಟು. ಅದರ ನಾಯಕನೂ ಹೊಸ ಪದಗಳೊಡನೆ ಹೆಣಗುವ ಹುಡುಗನೇ. ತಂದೆ ಬದುಕಿದ್ದಾಗ ತಾಯಿಯನ್ನು ಅಕ್ಕರೆಯಿಂದ ಕರೆಯುತ್ತಿದ್ದ ಹೆಸರನ್ನು ಕೇಳಿ ಕೇಳಿ ಅವನೂ ಆಕೆಯನ್ನು ಹಾಗೆಯೇ ಕರೆಯುತ್ತಾನೆ. ಅರ್ಲ್ ಎಂದರೇನೆಂದು ಅವನಿಗೆ ತಿಳಿಯದು. ತಾತನ ವಕೀಲ ಬಂದು, ಅರ್ಲ್ ಎಂದರೆ ಬಹು ಪ್ರಾಚೀನ ವಂಶದವನು ಎಂದು ವಿವರಿಸುತ್ತಾನೆ. ಪ್ರಾಚೀನ ಎಂದರೆ ತುಂಬ ಹಳೆಯದು ಎಂದು ಕೇಳಿದೊಡನೆ ಸೆಡ್ರಿಕನಿಗೆ ಉದ್ಯಾನದ ಬಳಿ ಸೇಬು ಮಾರುವ ಹಣ್ಣು ಹಣ್ಣು ಮುದುಕಿಯ ನೆನಪಾಗುತ್ತದೆ. ಹಾಗಾದರೆ ಅವಳೂ ಪ್ರಾಚೀನ ವಂಶದವಳೇ ಇರಬೇಕೆಂದು ಅವನು ತೀರ್ಮಾನಿಸುತ್ತಾನೆ! ಓದುವ ಮಗು ಇಲ್ಲಿ ನಗುತ್ತದೆ. ನಗುವಾಗಲೇ ಪದದ ನಿಜವಾದ ಅರ್ಥವನ್ನೂ ಹಿಡಿಯುತ್ತದೆ.

ಅಂಗಡಿಯ ಹಾಬ್ಸನಿಗೆ ಅರ್ಲರೆಂದರೆ ಆಗದು. ಅಂಥ ಪ್ರಜಾಪೀಡಕರನ್ನು ತನ್ನ ಬಿಸ್ಕತ್ತಿನ ಪೀಪಾಯಿಗಳ ಮೇಲೆ ಕೂರಗೊಡಿಸುವುದಿಲ್ಲವೆಂದು ಗುಡುಗುತ್ತಾನೆ. ಮರುದಿನ ಸೆಡ್ರಿಕ್ ಬಂದು, ಅವರಲ್ಲೊಬ್ಬನು ಆಗಲೇ ಅಂಗಡಿಯ ಪೆಟ್ಟಿಗೆಯ ಮೇಲೆ ಕುಳಿತಿದ್ದಾನೆಂದು ಮೆಲ್ಲನೆ ತಿಳಿಸಬೇಕಾಗುತ್ತದೆ. ಅರ್ಲ್ ಎಂಬ ಪದಕ್ಕೆ ನಿಘಂಟಿನಲ್ಲಿ ಒಂದು ಸಾಲಿನ ಅರ್ಥ ದೊರೆಯಬಹುದು. ಆದರೆ ಆ ಪದದ ಸುತ್ತ ಇರುವ ಗೌರವ, ಭಯ, ಕೋಪ, ಬೆರಗುಗಳು ಈ ಕಥೆಯಲ್ಲಿ ದೊರೆಯುತ್ತವೆ.

ಇನ್ನೊಂದು ಸಂದರ್ಭವೂ ಇಂಥದೇ. ಮಕ್ಕಳು ಕಾಯಿಲೆ ಬಿದ್ದು ಬಾಡಿಗೆ ಕಟ್ಟಲಾಗದ ಒಬ್ಬ ಬಡ ಒಕ್ಕಲಿಗನ ಸಂಸಾರ ಬೀದಿಪಾಲಾಗುವುದರಲ್ಲಿದೆ. ಅವನ ತಂಟೆಗೆ ಹೋಗಬಾರದೆಂದು ಜಹಗೀರಿನ ಮೇಲ್ವಿಚಾರಕನಿಗೆ ಪತ್ರ ಬರೆಯುವಂತೆ ತಾತ ಮೊಮ್ಮಗನಿಗೆ ಹೇಳುತ್ತಾನೆ. ಹುಡುಗ ಪಟ್ಟಾಗಿ ಕುಳಿತು ಬರೆಯುತ್ತಾನೆ. ದೊಡ್ಡ ಪದಗಳ ಅಕ್ಷರಗಳೆಲ್ಲ ಅಡ್ಡಾದಿಡ್ಡಿ! ತಾತ ತೋರಿಸಿಕೊಟ್ಟಾಗ, ಉದ್ದನೆಯ ಪದಗಳ ವಿಷಯದಲ್ಲಿ ನಿಘಂಟನ್ನು ನೋಡುವುದೇ ಕ್ಷೇಮವೆಂದು ಒಪ್ಪಿ, ಮತ್ತೊಮ್ಮೆ ಬರೆಯುತ್ತಾನೆ. ಅಕ್ಷರಗಳು ತಪ್ಪಿದರೂ ಆ ಪದಗಳಿಂದ ಏನಾಗಬೇಕೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಸಂಸಾರಕ್ಕೆ ಸೂರು ಉಳಿಯಿತು.

ಸಂಜೆಯಾಗುತ್ತ ಸಲಿವನ್ನಳ ಬೆರಳುಗಳು ಸೋತು, ಇನ್ನೊಂದು ಪದವನ್ನೂ ಬರೆಯಲಾರದಾದವು. ಹೆಲೆನ್ ಪುಸ್ತಕವನ್ನು ಕೈಗೆ ತೆಗೆದುಕೊಂಡು ಪುಟಗಳ ಮೇಲೆ ಬೆರಳಾಡಿಸಿದಳು. ಅದು ಸಾಮಾನ್ಯ ಮುದ್ರಣದ ಪುಸ್ತಕ, ಪುಟವೆಲ್ಲ ನುಣುಪು. ಕಥೆ ಅಲ್ಲಿಯೇ ಇದೆ, ಆದರೆ ತನಗೆ ದೊರೆಯದು! ತನ್ನ ಕೊರತೆ ಎಷ್ಟು ದೊಡ್ಡದೆಂಬುದು ಅವಳನ್ನು ಅಷ್ಟು ತೀವ್ರವಾಗಿ ಚುಚ್ಚಿದ್ದು ಅದೇ ಮೊದಲ ಸಲ. ಅವಳ ಒತ್ತಾಯಕ್ಕೆ ಮಣಿದು ಪರ್ಕಿನ್ಸ್ ಸಂಸ್ಥೆಯ ನಿರ್ದೇಶಕರಾಗಿದ್ದ ಅನಾಗ್ನೋಸ್ ಅವರು ಮುಂದೆ ಆ ಕಾದಂಬರಿಯನ್ನು ಉಬ್ಬಕ್ಷರಗಳಲ್ಲಿ ಅಚ್ಚು ಹಾಕಿಸಿದರು. ಬಹುಮಟ್ಟಿಗೆ ಬಾಯಿಪಾಠವಾಗುವ ತನಕ ಹೆಲೆನ್ ಅದನ್ನು ಓದಿದಳು.

ಅದೇ ಬೇಸಗೆಯಲ್ಲಿ, ಅದೇ ಮನೆಯಲ್ಲಿ ನಡೆದ ಇನ್ನೊಂದು ಓದಿನ ಕಥೆಯನ್ನೂ ಇಲ್ಲಿ ಹೇಳಬೇಕು. ಮೂರು ವರ್ಷಗಳ ಮೇಲೆ, 1891ರ ಶರತ್ಕಾಲದಲ್ಲಿ, ಹೆಲೆನ್ 'ಹಿಮರಾಜ' ಎಂಬ ಅರ್ಥದ ಹೆಸರಿಟ್ಟು ಒಂದು ಚಿಕ್ಕ ಕಥೆಯನ್ನು ಬರೆದು ಅನಾಗ್ನೋಸರ ಹುಟ್ಟುಹಬ್ಬಕ್ಕೆ ಕಳುಹಿಸಿದಳು. ಅವರು ಹಿಗ್ಗಿ ಅದನ್ನು ಅಚ್ಚು ಹಾಕಿಸಿದರು. ಆಮೇಲೆ ತಿಳಿದುದೇನೆಂದರೆ, ಮಾರ್ಗರೆಟ್ ಕ್ಯಾನ್‌ಬಿ ಎಂಬ ಲೇಖಕಿ ಹೆಲೆನ್ ಹುಟ್ಟುವುದಕ್ಕೆ ಮುಂಚೆಯೇ ಪ್ರಕಟಿಸಿದ್ದ ಕಥೆಯೊಂದಕ್ಕೂ ಇದಕ್ಕೂ ಭಾವದಲ್ಲಿಯೂ ಭಾಷೆಯಲ್ಲಿಯೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹನ್ನೊಂದು ವರ್ಷದ ಬಾಲೆಯ ಮೇಲೆ ಕೃತಿಚೌರ್ಯದ ಆರೋಪ ಬಂದಿತು. ಸಂಸ್ಥೆಯ ಅಧ್ಯಾಪಕರೂ ಅಧಿಕಾರಿಗಳೂ ವಿಚಾರಣೆಗೆ ಕುಳಿತರು. ಸಲಿವನ್ನಳನ್ನು ಹೊರಗೆ ಕಳುಹಿಸಿ, ಹುಡುಗಿಯೊಬ್ಬಳನ್ನೇ ನಿಲ್ಲಿಸಿ ಪ್ರಶ್ನೆಗಳನ್ನು ಕೇಳಿದರು. ಆ ರಾತ್ರಿ ಅವಳು ಹಾಸಿಗೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ವಿಚಾರಿಸಿದಾಗ ಸಂಗತಿ ಹೊರಬಿದ್ದಿತು. 1888ರಲ್ಲಿ ಸಲಿವನ್ ಬ್ರೂಸ್ಟರಿನಲ್ಲಿ ಇಲ್ಲದಿದ್ದ ದಿನಗಳಲ್ಲಿ ಶ್ರೀಮತಿ ಹಾಪ್ಕಿನ್ಸರು ಹೆಲೆನಳ ಬೇಸರ ಕಳೆಯಲು ಹಲವು ಪುಸ್ತಕಗಳನ್ನು ಅವಳ ಕೈಯಲ್ಲಿ ಓದಿದ್ದರು. ಕ್ಯಾನ್‌ಬಿಯ ಪುಸ್ತಕ ಅವುಗಳಲ್ಲಿ ಒಂದೆಂದು ಅವರಿಗೆ ನಂಬಿಕೆಯಿತ್ತು. ಆಗ ಆ ಕಥೆಗಳ ಅರ್ಥ ಹೆಲೆನಳಿಗೆ ಹೆಚ್ಚಾಗಿ ಹತ್ತಿರಲಿಲ್ಲ. ಹೊಸ ಪದಗಳು ಬೆರಳಿನಲ್ಲಿ ಹರಿಯುವುದೇ ಅವಳಿಗೆ ವಿನೋದವಾಗಿತ್ತು. ಸಲಿವನ್ ಮರಳಿದೊಡನೆ ಸೆಡ್ರಿಕನ ಕಥೆ ಆರಂಭವಾಗಿ ಉಳಿದುದನ್ನೆಲ್ಲ ಮರೆಸಿತು. ಓದಿದುದು ಮರೆತಿತ್ತು, ಪದಗಳು ಮಾತ್ರ ಉಳಿದಿದ್ದವು. ಮೂರು ವರ್ಷಗಳ ಮೇಲೆ ಅವು ಎದ್ದುಬಂದಾಗ ಅವನ್ನು ತನ್ನವೆಂದೇ ಅವಳು ಬಗೆದಳು.

ಇದು ಕಳ್ಳತನವಲ್ಲವೆಂದು ಬಲ್ಲವರು ಅರಿತರು. ಕ್ಯಾನ್‌ಬಿಯೂ ಅವಳಿಗೆ ಕರುಣೆಯಿಂದ ಪತ್ರ ಬರೆದಳು. ಆದರೂ ಆ ಗಾಯ ಬೇಗ ಮಾಯಲಿಲ್ಲ. ಬಹುಕಾಲದವರೆಗೆ ಒಂದು ಕಾಗದ ಬರೆಯುವಾಗಲೂ ಈ ವಾಕ್ಯ ನನ್ನದೇ, ಎಲ್ಲಿಯಾದರೂ ಓದಿದುದೇ ಎಂಬ ಅಳುಕು ಅವಳ ಕೈಯನ್ನು ತಡೆಯುತ್ತಿತ್ತು. ಅಳುಕನ್ನು ಬಿಡಿಸಲೆಂದು ಸಲಿವನ್, ಹನ್ನೆರಡು ವರ್ಷದ ಅವಳಿಂದ ಅವಳ ಬಾಳಿನ ಕಥೆಯನ್ನೇ ಸಂಕ್ಷೇಪವಾಗಿ ಬರೆಯಿಸಿದಳು. ತಾನು ಕಂಡುಂಡುದನ್ನು ಹೇಳುವಾಗ ಪದಗಳು ಪರರವಾಗಲಾರವು ಎಂಬುದನ್ನು ಆಕೆ ಬಲ್ಲವಳಾಗಿದ್ದಳು.

ಒಂದೇ ಬೇಸಗೆಯ ಈ ಎರಡು ಓದುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಭಾಷೆ ಕಲಿಯುವ ಮರ್ಮ ತಿಳಿಯುತ್ತದೆ. ಗಿಣಿಪಾಠದಿಂದಲೂ ಪದಗಳು ನೆನಪಿನಲ್ಲಿ ನಿಲ್ಲುತ್ತವೆ. ಆದರೆ ಎಲ್ಲಿಂದ ಬಂದವು, ಯಾವುದಕ್ಕೆ ಸಲ್ಲುತ್ತವೆ ಎಂಬ ಅರಿವು ಅವುಗಳ ಜೊತೆಗಿರುವುದಿಲ್ಲ. ಕಥೆಯಲ್ಲಿ ಬರುವ ಪದ ಹಾಗಲ್ಲ. ಅದನ್ನು ಆಡುವವನೊಬ್ಬನಿರುತ್ತಾನೆ, ಆಡುವುದಕ್ಕೊಂದು ಸಂದರ್ಭವಿರುತ್ತದೆ, ಆಡಿದುದರಿಂದ ಒಂದು ಫಲವಿರುತ್ತದೆ. ಇವೆಲ್ಲವನ್ನೂ ಕಂಡ ಓದುಗನಿಗೆ ಪದ ಒಗ್ಗುತ್ತದೆ. ಹಾಗೆಂದು ನಿಘಂಟು ಬೇಡವೆಂದಲ್ಲ. ಸೆಡ್ರಿಕನೇ ಅದರ ಉಪಯೋಗವನ್ನು ಒಪ್ಪಿದ್ದಾನೆ. ಆದರೆ ನಿಘಂಟನ್ನು ತೆರೆಯಬೇಕೆಂಬ ಆಸೆಯನ್ನು ಹುಟ್ಟಿಸುವುದು ಕಥೆಯೇ. ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ದೇಶವನ್ನು ಕಣ್ಣಾರೆ ನೋಡಲಾಗದ ಹೆಲೆನಳಿಗೆ ಒಂದು ಕಥೆ ನ್ಯೂಯಾರ್ಕಿನ ಬೀದಿಯನ್ನೂ ಇಂಗ್ಲೆಂಡಿನ ಕೋಟೆಯನ್ನೂ ಅಂಗೈಯಲ್ಲಿಯೇ ಸುತ್ತಿಸಿತು.

ಹೆಲೆನ್ ಕೆಲರ್ 1900ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜನ್ನು ಸೇರಿದಳು. ಅಲ್ಲಿಯೂ ಸಲಿವನ್ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನು ಅವಳ ಕೈಯಲ್ಲಿ ಬರೆಯುತ್ತಿದ್ದಳು. ವಿದ್ಯಾರ್ಥಿನಿಯಾಗಿದ್ದಾಗಲೇ, 1903ರಲ್ಲಿ, ಅವಳ ಆತ್ಮಕಥೆ ಪ್ರಕಟವಾಯಿತು. ಮರುವರ್ಷ ಪದವಿ ಪಡೆದಳು. ಮುಂದೆ ಹಲವು ಗ್ರಂಥಗಳನ್ನು ರಚಿಸಿ, ಅಂಧರ ಏಳಿಗೆಗಾಗಿ ದೇಶದೇಶಗಳನ್ನು ಸುತ್ತಿ, 1968ರ ಜೂನ್ 1ರಂದು ತೀರಿಕೊಂಡಳು. ಹಿಮರಾಜನ ಪ್ರಸಂಗವನ್ನು ಅವಳು ತನ್ನ ಆತ್ಮಕಥೆಯಲ್ಲಿ ಮುಚ್ಚಿಡದೆ ಹೇಳಿದ್ದಾಳೆ. ಪೈನ್ ಮರಗಳ ನೆರಳು, ಸಮುದ್ರದ ಗಾಳಿ, ಮಿಡತೆಗಳನ್ನು ಬಿಡಿಸುವಾಗಿನ ಚಡಪಡಿಕೆ, ಇವುಗಳನ್ನೂ ಅದೇ ಪುಸ್ತಕದಲ್ಲಿ ಬರೆದಿದ್ದಾಳೆ. ಆ ಪದಗಳು ಯಾರವೆಂದು ಯಾರೂ ಕೇಳಬೇಕಾಗಲಿಲ್ಲ.